ಸವಣೂರಿನ ‘ಬರುತ್ತೇನೆ’ ಕಡಬಕ್ಕೆ ಹೋದದ್ದು

ನಾನು ನಿವೃತ್ತನಾದೆ ಎಂದರೆ ಜನ ನಗುತ್ತಾರೆ. ತಲೆಯಲ್ಲಿ ಒಂದು ಬಿಳಿ ಕೂದಲಿಲ್ಲ, ಮದುವೆಯೂ ಆಗಿಲ್ಲ. ಆದರೆ ನಾನು ಮಾಡುತ್ತಿದ್ದ ಕೆಲಸವೇ ನಮ್ಮ ಪುತ್ತೂರಿನ ಆಫೀಸಿನಲ್ಲಿ ಈಗ ಇಲ್ಲ. ಕೆಲಸ ಮುಗಿದ ಮೇಲೆ ಅದನ್ನು ಮಾಡುತ್ತಿದ್ದವನನ್ನು ಬೇರೆ ಏನೆಂದು ಕರೆಯುವುದು?

ನನ್ನ ಕೆಲಸ ಪ್ರಾಕ್ಸಿ ಸರ್ವರ್ ನೋಡಿಕೊಳ್ಳುವುದು. ಪ್ರಾಕ್ಸಿ ಎಂದರೆ ದಾರಿಯ ಮಧ್ಯೆ ಕೂತ ಕಂಪ್ಯೂಟರ್. ನೀವು ಫೋನಿನಲ್ಲಿ ಒಂದು ಪುಟ ತೆರೆದರೆ ನಿಮ್ಮ ಮಾತು ಮೊದಲು ಅದರ ಹತ್ತಿರ ಬರುತ್ತದೆ, ಅದು ಸರಿಯಾದ ಸರ್ವರಿಗೆ ದಾಟಿಸುತ್ತದೆ, ಉತ್ತರ ತಂದು ಕೊಡುತ್ತದೆ. ಈಗಿನ ಹುಡುಗರು ಓದಿ ಇಂಥ ಕೆಲಸಕ್ಕೆ ಸೇರುತ್ತಾರೆ. ಅವರಿಗೆ ಕಲಿಸುವವರು ಇದ್ದಾರೆ. ನನಗೆ ಅರ್ಧ ಅರ್ಥವಾಗಿದೆ, ಅರ್ಧ ಈಗಲೂ ಆಗಿಲ್ಲ. ಅರ್ಥವಾಗದ ಆ ಅರ್ಧದಲ್ಲಿ ಒಬ್ಬ ಹೆಂಗಸಿನ ಜೀವ ಸಿಕ್ಕಿಕೊಂಡಿತ್ತು. ಅದನ್ನು ಹೇಳುತ್ತೇನೆ.

ಕೃಷ್ಣಪ್ಪಣ್ಣನಿಂದ ಶುರು ಮಾಡಬೇಕು. ಅವರು ಸವಣೂರಿನವರು, ಸವಣೂರಿನಿಂದ ಪುತ್ತೂರಿಗೆ ಸರ್ವಿಸ್ ಜೀಪು ಓಡಿಸುವವರು. ಹತ್ತನೇ ಕ್ಲಾಸಿನಲ್ಲಿ ನನಗೆ ಇಂಗ್ಲಿಷ್ ಹೋಯಿತು, ಮತ್ತೆ ಪರೀಕ್ಷೆಗೆ ಕಟ್ಟಲಿಲ್ಲ. ಅವರ ಜೀಪಿಗೆ ಹೋದೆ. ಜನ ಹತ್ತಿಸುವುದು, ಚೀಲ ಮೇಲೆ ಕಟ್ಟುವುದು, ಲೈಸೆನ್ಸ್ ಆದ ಮೇಲೆ ಓಡಿಸುವುದು, ಎಲ್ಲ ಅಲ್ಲೇ ಕಲಿತೆ. ಮಧ್ಯಾಹ್ನದ ಊಟ ಅವರ ಮನೆಯಲ್ಲಿ. ಅವರ ಹೆಂಡತಿ ಕುಸುಮಕ್ಕ ಬಡಿಸಿದ್ದನ್ನು ಮುಗಿಸದೆ ಏಳಲು ಬಿಡುತ್ತಿರಲಿಲ್ಲ.

ಆಮೇಲೆ ಪುತ್ತೂರಿನ ಶ್ಯಾಮ ಭಟ್ರ ಕೇಬಲ್ ಆಫೀಸಿಗೆ ಸೇರಿದೆ. ನೆಲ್ಯಾಡಿಯ ರಬ್ಬರ್ ತೋಟಗಳ ಬದಿಯಲ್ಲಿ ಕಂಬ ಹತ್ತಿ ವಯರು ಎಳೆದೆ. ಟಿವಿ ಕೇಬಲಿನ ಕಾಲ ಮುಗಿದು ಭಟ್ರು ಇಂಟರ್ನೆಟ್ಟಿಗೆ ಇಳಿದರು. ಒಂದು ಟ್ರಸ್ಟಿನವರು ಪುತ್ತೂರು, ಸುಳ್ಯ, ಕಡಬ ಮೂರು ಕಡೆ ಡಯಾಲಿಸಿಸ್ ಸೆಂಟರ್ ನಡೆಸುತ್ತಿದ್ದರು. ಕಿಡ್ನಿ ಹೋದವರ ರಕ್ತವನ್ನು ಯಂತ್ರಕ್ಕೆ ಹಾಕಿ ತೊಳೆಯುವ ಜಾಗ. ಮೂರು ಸೆಂಟರಿಗೆ ಮೂರು ವೆಬ್‌ಸೈಟು, ಮೂರು ಸರ್ವರು. ಎಲ್ಲದರ ಮುಂದೆ ನಮ್ಮ ಆಫೀಸಿನ ಪ್ರಾಕ್ಸಿ ಒಂದು.

ಅದನ್ನು ಕಟ್ಟಿದವರು ಸಂಧ್ಯಕ್ಕ. ಸುಳ್ಯದವರು, ಇಂಜಿನಿಯರಿಂಗ್ ಓದಿದವರು, ಕೆಲಸ ಗೊತ್ತಿದ್ದವರು. ಮೊದಲ ದಿನ ಅವರು ಕಲಿಸಿದ್ದು ನನಗೆ ಈಗಲೂ ನೆನಪಿದೆ.

“ನೀನು ಜೀಪಲ್ಲಿ ಇದ್ದವ ಅಲ್ವಾ? ಸವಣೂರಿಂದ ಜೀಪು ಬಂತು, ಜನ ಇಳಿದ್ರು. ಆ ಜೀಪನ್ನು ಗುಜರಿಗೆ ಹಾಕಿ, ವಾಪಸ್ ಹೋಗ್ಲಿಕ್ಕೆ ಹೊಸ ಜೀಪು ತೆಗೀತೀರಾ?”

“ಮಂಡೆ ಸಮ ಇಲ್ಲದವ ತೆಗಿಬೇಕಷ್ಟೆ.”

“ಇದೂ ಹಾಗೆ. ಕನೆಕ್ಷನ್ ಹೊಸತು ಮಾಡ್ಲಿಕ್ಕೆ ಹೊತ್ತು ಹೋಗ್ತದೆ. ಒಮ್ಮೆ ಮಾಡಿದ್ದನ್ನೇ ಮತ್ತೆ ಮತ್ತೆ ಓಡಿಸುದು. ಯಾವುದನ್ನು ಇಟ್ಟುಕೊಳ್ಳುದು, ಯಾವುದನ್ನು ಬಿಡುದು, ಅದೇ ನಿನ್ನ ಕೆಲಸ.”

ವೆಬ್ ಮಾತಾಡುವ ಭಾಷೆಗೆ ಎಚ್‌ಟಿಟಿಪಿ ಎಂದು ಹೆಸರು. ಅದರಲ್ಲಿ ವರ್ಷನ್ನುಗಳಿವೆ. ಹಳೆಯ ಒಂದನೇ ವರ್ಷನ್ನಿನಲ್ಲಿ ಜೀಪಿನಲ್ಲಿ ಒಮ್ಮೆಗೆ ಒಬ್ಬನೇ. ಅವನು ಹೋಗಿ ಉತ್ತರದ ಜೊತೆ ವಾಪಸ್ ಬರಬೇಕು, ಆಮೇಲೆ ಇನ್ನೊಬ್ಬ ಹತ್ತಬೇಕು. ಎರಡನೇ ವರ್ಷನ್ನಿನಲ್ಲಿ ಒಂದೇ ಜೀಪಿನಲ್ಲಿ ಎಲ್ಲರೂ ಒಟ್ಟಿಗೆ. ಆದರೆ ತಿರುವಿನಲ್ಲಿ ಒಬ್ಬ ವಾಂತಿ ಮಾಡಲು ಇಳಿದರೆ ಎಲ್ಲರೂ ಕಾಯಬೇಕು. ಮೂರನೇ ವರ್ಷನ್ನಿನಲ್ಲಿ ಅವನೊಬ್ಬನೇ ಕಾಯುತ್ತಾನೆ, ಉಳಿದವರು ಹೋಗುತ್ತಾರೆ. ಅದು ಹೇಗೆ ಎಂದು ಕೇಳಬೇಡಿ. ನಾನು ಕೇಳಿದ್ದೇನೆ, ಸಂಧ್ಯಕ್ಕ ಹೇಳಿದ್ದಾರೆ, ನನಗೆ ತಲೆಗೆ ಹೋಗಲಿಲ್ಲ. ಜೀಪು ಒಂದೇ, ಅರ್ಧ ಜೀಪು ನಿಲ್ಲುತ್ತದೆ, ಅರ್ಧ ಹೋಗುತ್ತದೆ ಎಂದರೆ ನಾನು ಹೇಗೆ ನಂಬಲಿ?

ಮೂರು ವರ್ಷನ್ನೂ ಒಟ್ಟಿಗೆ ಇರುವುದು ತಲೆನೋವಿನ ವಿಷಯ. ಹೊಸ ಫೋನಿನವನು ಎರಡನೇ ವರ್ಷನ್ನಿನಲ್ಲಿ ಬರುತ್ತಾನೆ. ಒಳಗಿನ ಸರ್ವರಿಗೆ ಒಂದನೇ ವರ್ಷನ್ ಮಾತ್ರ ಗೊತ್ತು. ಮಧ್ಯೆ ಪ್ರಾಕ್ಸಿ ಎಲ್ಲರನ್ನೂ ಇಳಿಸಿ, ಒಬ್ಬೊಬ್ಬರನ್ನೇ ಬೇರೆ ಜೀಪಿಗೆ ಹತ್ತಿಸಬೇಕು.

ನಾನು ಕಂಡ ಮೊದಲ ಕೇಸು ಈ ಒಳಗಿನ ಜೀಪಿನಿಂದಲೇ ಬಂತು. ಡಯಾಲಿಸಿಸ್ ಸೆಂಟರಿನಲ್ಲಿ ಒಬ್ಬೊಬ್ಬರಿಗೆ ಒಂದು ಯಂತ್ರದಲ್ಲಿ ಕಾಯಂ ಸಮಯ ಇರುತ್ತದೆ. ಆದರೆ ಹಿಂದಿನ ದಿನ ಸೈಟಿಗೆ ಹೋಗಿ, ಮೂರೂ ಸೆಂಟರಿಗೆ ಒಂದೇ ಆದ ರೋಗಿಯ ನಂಬರು ಹಾಕಿ ‘ಬರುತ್ತೇನೆ’ ಎಂಬ ಬಟನ್ ಒತ್ತಬೇಕು. ಒತ್ತದಿದ್ದರೆ ಆ ದಿನ ಯಂತ್ರ ಬೇರೆಯವರಿಗೆ. ಪುತ್ತೂರಿನಲ್ಲಿ ಮೊದಲ ಸಲ ಒತ್ತಿದರೆ ಹೆಚ್ಚಾಗಿ ಪುಟ ಬರುವುದಿಲ್ಲ, ಎರಡನೇ ಸಲ ಒತ್ತಿದರೆ ಬರುತ್ತದೆ. ಎಷ್ಟೋ ಸಮಯ ಯಾರೂ ದೂರು ಹೇಳಲಿಲ್ಲ. ಎಲ್ಲರೂ ಎರಡು ಸಲ ಒತ್ತುವುದನ್ನೇ ಕಲಿತರು.

ಕಾರಣ ಸಣ್ಣದು. ಸ್ವಲ್ಪ ಹೊತ್ತು ಯಾರೂ ಮಾತಾಡದಿದ್ದರೆ ಸೆಂಟರಿನ ಸರ್ವರ್ ತನ್ನ ಕಡೆಯಿಂದ ಕನೆಕ್ಷನ್ ಮುಚ್ಚುತ್ತಿತ್ತು. ನಮ್ಮ ಪ್ರಾಕ್ಸಿಗೆ ಅದು ಗೊತ್ತಾಗುವ ಮೊದಲೇ ಯಾರೋ ಒತ್ತಿದ್ದು ಆ ಸತ್ತ ಕನೆಕ್ಷನ್ನಿಗೆ ಹೋಗಿ ಬೀಳುತ್ತಿತ್ತು. ಹಾಗಾದರೆ ಪ್ರಾಕ್ಸಿಯೇ ಇನ್ನೊಮ್ಮೆ ಕಳಿಸಬಾರದೇ ಎಂದು ಕೇಳಿದೆ.

“ಮೊದಲನೆಯದು ಹೋಗಿ ತಲುಪಿದ್ದರೆ?” ಎಂದರು ಸಂಧ್ಯಕ್ಕ. “ಓದುವ ಪುಟ ಆದ್ರೆ ಎರಡು ಸಲ ಕೇಳ್ಬಹುದು. ಬಟನ್ ಒತ್ತಿದ್ದನ್ನು ಎರಡು ಸಲ ಕಳಿಸ್ಬಾರದು.”

ಸರ್ವರ್ ಮುಚ್ಚುವ ಮೊದಲೇ ನಾವು ಮುಚ್ಚುವ ಹಾಗೆ ನಮ್ಮ ಸಮಯವನ್ನು ಕಡಿಮೆ ಮಾಡಿದೆವು. ಸರಿಯಾಯಿತು. ಮರುದಿನ ನಾನು ಖುಷಿಯಲ್ಲಿ ಚಾ ಕುಡಿಯಲು ಹೊರಟಿದ್ದೆ, ಅಷ್ಟರಲ್ಲಿ ಪುತ್ತೂರು ಸೆಂಟರಿನ ಫಿಲೋಮಿನಾ ಸಿಸ್ಟರ್ ಫೋನು ಮಾಡಿದರು.

“ಲೋಕೇಶ, ನೀವು ಎಂತ ರಿಪೇರಿ ಮಾಡಿದ್ದು? ಇಲ್ಲಿ ಅರ್ಧ ಜನ ಬರುದಿಲ್ಲ ಅಂತ ಹಾಕಿದ್ದಾರೆ. ಹಾಕಿದವರೆಲ್ಲ ಬಂದು ಬೆಂಚಲ್ಲಿ ಕೂತಿದ್ದಾರೆ.”

ಆ ಬಟನ್ ಒಮ್ಮೆ ಒತ್ತಿದರೆ ‘ಬರುತ್ತೇನೆ’, ಮತ್ತೆ ಒತ್ತಿದರೆ ರದ್ದು. ನಾವು ಸರಿ ಮಾಡಿದ್ದೆವು. ಜನ ಮಾತ್ರ ಅಭ್ಯಾಸದಂತೆ ಎರಡು ಸಲ ಒತ್ತಿದ್ದರು. ಕೊನೆಗೆ ಎರಡು ಬೇರೆ ಬೇರೆ ಬಟನ್ ಇಡಿಸಿದೆವು. ಹೊಸದಾಗಿ ಸೇರುವವರು ಇದೊಂದು ನೆನಪಿಡಿ. ಒಂದು ತಪ್ಪು ಬಹಳ ಸಮಯ ಇದ್ದರೆ ಅದರ ಸುತ್ತ ಜನ ಒಂದು ದಾರಿ ಮಾಡಿಕೊಂಡಿರುತ್ತಾರೆ. ಸರಿ ಮಾಡುವ ಮೊದಲು ಆ ದಾರಿ ಎಲ್ಲಿದೆ ಎಂದು ಕೇಳಿ.

ಆಮೇಲೆ ಕೆಲಸದ ರೀತಿಯೇ ಬದಲಾಯಿತು. ರೋಗಿಗಳ ವಿಷಯ ಮಧ್ಯದಲ್ಲಿ ಯಾರೂ ತೆರೆದು ನೋಡಬಾರದು ಎಂದರು ಟ್ರಸ್ಟಿನವರು. ಸರಿಯಾದ ಮಾತೇ. ಅಲ್ಲಿಂದ ನಮ್ಮ ಪ್ರಾಕ್ಸಿ ಒಳಗಿನದನ್ನು ಓದುವುದು ನಿಂತಿತು. ಕನೆಕ್ಷನ್ ಶುರುವಾಗುವಾಗ ಫೋನು ಒಂದು ಹೆಸರು ಹೇಳುತ್ತದೆ, ಪುತ್ತೂರೋ ಸುಳ್ಯವೋ ಕಡಬವೋ ಎಂದು. ಆ ಹೆಸರು ನೋಡಿ ಇಡೀ ಕನೆಕ್ಷನ್ನನ್ನು ಆ ಊರಿನ ಸರ್ವರಿಗೆ ಬಿಡುವುದು, ಅಷ್ಟೇ. ಮೂರು ಸರ್ವರಿಗೂ ಎರಡನೇ ವರ್ಷನ್ ಬಂತು. ಗುರುತಿನ ಚೀಟಿಯ ಹಾಗೆ ಸರ್ವರಿಗೊಂದು ಸರ್ಟಿಫಿಕೇಟ್ ಬೇಕು. ಮೂರು ಬೇರೆ ಬೇರೆ ಯಾಕೆ ಎಂದು ಮೂರಕ್ಕೂ ನಡೆಯುವ ಒಂದನ್ನೇ ಹಾಕಿದರು. ಸುಳ್ಯದ ಸರ್ವರನ್ನು ಸಂಧ್ಯಕ್ಕ ಹೊಂದಿಸಿದರು. ಉಳಿದ ಎರಡನ್ನು ಬೇರೆ ಊರಿನಿಂದ ಬಂದವರು ಮಾಡಿ ಹೋದರು. ಪುಟ ಬೇಗ ಬರತೊಡಗಿತು. ನನಗೆ ಕೆಲಸವೇ ಇಲ್ಲ ಎನಿಸಿತು.

ಅದೇ ಸಮಯಕ್ಕೆ ಕುಸುಮಕ್ಕನ ಕಿಡ್ನಿ ಹೋಯಿತು. ಅವರಿಗೆ ಪುತ್ತೂರು ಸೆಂಟರಿನಲ್ಲಿ ಕಾಯಂ ಸಮಯ ಸಿಕ್ಕಿತು. ಸುಲಭಕ್ಕೆ ಸಿಗುವುದಲ್ಲ ಅದು. ಕಾಯುವವರ ಸಾಲು ದೊಡ್ಡದಿತ್ತು, ಸರದಿ ಬರುವವರೆಗೆ ಅವರೂ ಮಂಗಳೂರಿಗೆ ಹೋಗಿ ಬರುತ್ತಿದ್ದರು. ಕೃಷ್ಣಪ್ಪಣ್ಣ ಬೆಳಿಗ್ಗೆ ಜೀಪಿನ ಮುಂದಿನ ಸೀಟಿನಲ್ಲಿ ಹೆಂಡತಿಯನ್ನು ಕೂರಿಸಿ, ಹಿಂದೆ ಸರ್ವಿಸಿನ ಜನ ತುಂಬಿಸಿ ಬರುತ್ತಿದ್ದರು.

ಒಂದು ದಿನ ಅವರು ನಮ್ಮ ಆಫೀಸಿನ ಬಾಗಿಲಲ್ಲಿ ನಿಂತರು. ಸಿಟ್ಟಿರಲಿಲ್ಲ. ಅದೇ ನನಗೆ ಸರಿ ಕಾಣಲಿಲ್ಲ.

“ಲೋಕೇಶ, ನಿನ್ನೆ ನಾನು ಬರ್ತೇನೆ ಅಂತ ಒತ್ತಿದ್ದೇನೆ. ಮೆಸೇಜೂ ಬಂತು. ಇವತ್ತು ಹೋದ್ರೆ ಹೆಸರೇ ಇಲ್ಲ ಅಂತಾರೆ. ಇವಳನ್ನು ಬೆಂಚಲ್ಲಿ ಕೂರಿಸಿ ಬಂದೆ.”

ಭಟ್ರು ಎದ್ದು ಬಂದರು. ಅವರು ಒಳ್ಳೆಯವರೇ, ಆದರೆ ಕೈಯಲ್ಲಿ ಮುಟ್ಟಲಾಗದ ಯಾವುದನ್ನೂ ನಂಬುವವರಲ್ಲ.

“ಕೃಷ್ಣಪ್ಪ, ಮೆಸೇಜು ತೋರಿಸು ನೋಡುವ.”

“ಬಂದ ಕೂಡ್ಲೆ ಅಳಿಸ್ತೇನೆ ಭಟ್ರೆ. ಫೋನು ತುಂಬಿದ್ರೆ ಮತ್ತೆ ತೆರೆಯುದಿಲ್ಲ ಅದು.”

“ಮತ್ತೆಂತ ನೋಡುದು ಮಾರಾಯ?”

ನಾನು ಪುತ್ತೂರಿನ ಪುಟ ತೆರೆದು ನೋಡಿದೆ. ಸರಿ ಇತ್ತು. ಸಂಧ್ಯಕ್ಕ ಸುಳ್ಯದಿಂದ ನೋಡಿದರು. ಸರಿ ಇತ್ತು. ಫಿಲೋಮಿನಾ ಸಿಸ್ಟರ್ ಯಾರೋ ಬಾರದ ಯಂತ್ರ ಹುಡುಕಿ ಮಧ್ಯಾಹ್ನದ ಮೇಲೆ ಕುಸುಮಕ್ಕನನ್ನು ಮಲಗಿಸಿದರು. ಆಗ ಅವರ ಕಾಲು ಊದಿ ಚಪ್ಪಲಿ ಹಿಡಿಯುತ್ತಿರಲಿಲ್ಲ.

ಕೆಲವು ದಿನ ಎಲ್ಲ ಸರಿ. ಆಮೇಲೆ ಮತ್ತೊಮ್ಮೆ ಹಾಗೇ ಆಯಿತು. ಈ ಸಲ ಸಿಸ್ಟರ್ ನನ್ನನ್ನು ಬದಿಗೆ ಕರೆದು ಹೇಳಿದರು.

“ಇನ್ನೊಂದು ಸಲ ಹೀಗಾದ್ರೆ ಅವರ ಸಮಯ ಸಾಲಲ್ಲಿ ಮುಂದೆ ಇದ್ದವರಿಗೆ ಹೋಗ್ತದೆ. ನಾನು ಮಾಡಿದ ನಿಯಮ ಅಲ್ಲ ಅದು. ನೀವು ಅವರ ಮನುಷ್ಯ ಅಲ್ವಾ, ಸ್ವಲ್ಪ ನೋಡಿಕೊಳ್ಳಿ.”

ನೋಡಿಕೊಂಡೆ. ಮುಂದಿನ ಸಲ ಕೃಷ್ಣಪ್ಪಣ್ಣನಿಗೆ ಒತ್ತಬೇಡಿ ಎಂದು ಹೇಳಿ ನಾನೇ ಆಫೀಸಿನಿಂದ ಒತ್ತಿದೆ. ಕುಸುಮಕ್ಕನ ಹೆಸರು ಪುತ್ತೂರಿಗೆ ಸರಿಯಾಗಿ ಹೋಯಿತು. ಅದರ ಮುಂದಿನ ಸಲವೂ ಒತ್ತಿದೆ. ಹೋಯಿತು. ಅವರ ಫೋನನ್ನೇ ತರಿಸಿ ಅದರಲ್ಲಿ ಒತ್ತಿ ನೋಡಿದೆ. ಆಗಲೂ ಹೋಯಿತು. ಅದೇ ಫೋನು, ಅದೇ ನಂಬರು, ಅದೇ ಬಟನ್. ನಾನು ಒತ್ತಿದರೆ ಪುತ್ತೂರಿಗೆ ಹೋಗುತ್ತದೆ, ಅವರು ಒತ್ತಿದರೆ ಕೆಲವು ಸಲ ಎಲ್ಲಿಗೂ ಹೋಗುವುದಿಲ್ಲ. ರೇಂಜ್ ಇಲ್ಲವೇನೋ ಎಂದುಕೊಂಡೆ. ಆದರೆ ಮೆಸೇಜು ಬರುತ್ತದಲ್ಲ. ಫೋನು ಹಳೆಯದಾಯಿತೇನೋ ಎಂದುಕೊಂಡೆ. ನಾನು ಒತ್ತಿದ್ದೂ ಅದರಲ್ಲೇ. ಯೋಚನೆ ಮಾಡಿದಷ್ಟೂ ಗೋಜಲು.

ಭಟ್ರು ಒಂದು ತೀರ್ಮಾನಕ್ಕೆ ಬಂದಿದ್ದರು.

“ಸುಳ್ಯದಿಂದ ಒಂದು ದೂರಿಲ್ಲ. ಕಡಬದಿಂದ ದೂರಿಲ್ಲ. ನೀನು ಒತ್ತಿದ್ರೆ ಸರಿ ಉಂಟು. ಮತ್ತೆಂತ ಲೋಕೇಶ? ಅವನ ಬೆರಳು ಸ್ಟೇರಿಂಗ್ ಹಿಡಿದು ಹಿಡಿದು ದಪ್ಪ ಆಗಿದೆ, ಒಂದು ಒತ್ಲಿಕ್ಕೆ ಹೋಗಿ ಇನ್ನೊಂದು ಒತ್ತುದು.”

ನನಗೂ ಹಾಗೇ ಅನಿಸತೊಡಗಿತ್ತು. ಕೃಷ್ಣಪ್ಪಣ್ಣನಿಗೆ ಇದು ಯಾರೋ ಹೇಳಿ ಗೊತ್ತಾಯಿತು. ಆ ವಾರ ನಾನು ಫೋನು ಮಾಡಿದಾಗ ಅವರು ಹೇಳಿದ್ದು ಇಷ್ಟೇ: “ನೀನು ಒತ್ತುದು ಬೇಡ. ನನ್ನ ಹೆಂಡತಿದು ನಾನೇ ಒತ್ತುತ್ತೇನೆ.” ಒತ್ತಿದರು. ಮೆಸೇಜು ಬಂತು. ಮರುದಿನ ಹೋದರೆ ಹೆಸರಿಲ್ಲ. ಕುಸುಮಕ್ಕನ ಸಮಯ ಹೋಯಿತು.

ಆ ದಿನ ಅವರಿಗೆ ಉಸಿರು ಹಿಡಿಯಿತು. ಆಂಬುಲೆನ್ಸಿನಲ್ಲಿ ಮಂಗಳೂರಿಗೆ ಕರೆದುಕೊಂಡು ಹೋದರು. ಜೀವಕ್ಕೆ ಏನಾಗಲಿಲ್ಲ. ವಾಪಸ್ ಬಂದ ಮೇಲೆ ನೋಡಲು ಹೋದೆ. ಕುಸುಮಕ್ಕ ಗೋಡೆಗೆ ಒರಗಿ ಕೂತಿದ್ದರು.

“ಎಂತ ಲೋಕೇಶ, ಇವರ ಬೆರಳು ದಪ್ಪ ಅಂತೆ,” ಎಂದರು. ನಗಿಸಲು ಹೇಳಿದ್ದು.

ಕೃಷ್ಣಪ್ಪಣ್ಣ ಹೊರಗೆ ಹೋಗಿ ಜೀಪಿನಲ್ಲಿ ಕೂತರು. ನಾನೂ ಹೋಗಿ ಪಕ್ಕದಲ್ಲಿ ಕೂತೆ. ಅವರಿಗೆ ಬೇಕಾಗಿದ್ದದ್ದು ಎರಡು. ಒಂದು, ಪುತ್ತೂರಿನಲ್ಲೋ ಹತ್ತಿರ ಎಲ್ಲಾದರೋ ಹೆಂಡತಿಗೆ ಕಾಯಂ ಯಂತ್ರ. ಇನ್ನೊಂದನ್ನು ಅವರು ಬಾಯಿಬಿಟ್ಟು ಹೇಳಲಿಲ್ಲ. ಹೆಂಡತಿಯ ಯಂತ್ರ ಹೋದದ್ದು ತನ್ನ ಕೈಯಿಂದಲೋ ಅಲ್ಲವೋ ಎಂದು ತಿಳಿಯಬೇಕಿತ್ತು.

“ಒತ್ತಿ ತೋರಿಸಿ,” ಎಂದೆ. “ನೀವು ದಿನಾ ಹೇಗೆ ಮಾಡ್ತೀರಿ, ಹಾಗೇ ಮಾಡಿ. ನಾನು ಎಂತದೂ ಹೇಳುದಿಲ್ಲ.”

“ಹೋದ ಸಮಯಕ್ಕೆ ಇನ್ನು ಒತ್ತಿ ಎಂತ ಮಾಡ್ಲಿಕ್ಕುಂಟು?”

“ನೋಡ್ಲಿಕ್ಕೆ.”

ಅವರು ಕನ್ನಡಕ ಹಾಕಿಕೊಂಡು ಫೋನು ತೆಗೆದರು. ಮೊದಲು ತೆರೆದದ್ದು ಕಡಬದ ಪುಟ.

“ಇದು ಯಾಕೆ?” ಎಂದು ಕೇಳಿಯೇಬಿಟ್ಟೆ.

“ಕೊಯಿಲದ ಬಾಬಣ್ಣನದ್ದು. ಕೊಯಿಲ ಫಾರ್ಮಿನಲ್ಲಿ ದನ ನೋಡಿಕೊಳ್ತಾ ಇದ್ದವ. ಅವನಿಗೂ ಡಯಾಲಿಸಿಸ್, ಕಡಬದಲ್ಲಿ. ಕಣ್ಣು ಕಾಣುದಿಲ್ಲ, ಅದಕ್ಕೆ ಅವನದ್ದೂ ನಾನೇ ಒತ್ತುದು. ಅವನದ್ದು ಒತ್ತಿ ಮತ್ತೆ ಇವಳದ್ದು.”

“ಯಾವಾಗ್ಲೂ ಅವರದ್ದೇ ಮೊದಲಾ?”

“ಅವನದ್ದೂ ಇವಳದ್ದೂ ಒಂದೇ ದಿನ ಬಂದ್ರೆ ಅವನದ್ದು ಮೊದಲು. ಬೇರೆ ದಿನ ಬಂದ್ರೆ ಇವಳದ್ದು ಮಾತ್ರ.”

ಬಾಬಣ್ಣನದ್ದು ಒತ್ತಿದರು. ಮೆಸೇಜು ಬಂತು. ಪುತ್ತೂರಿನ ಪುಟ ತೆರೆದರು. ಮೇಲೆ ವಿಳಾಸದಲ್ಲಿ ಪುತ್ತೂರು ಎಂದೇ ಇತ್ತು. ಟ್ರಸ್ಟಿನ ಚಿಹ್ನೆ, ಹಸಿರು ಬಣ್ಣ, ಮೂರೂ ಸೆಂಟರಿಗೆ ಒಂದೇ ರೀತಿ. ಕುಸುಮಕ್ಕನ ನಂಬರು ಹಾಕಿ ‘ಬರುತ್ತೇನೆ’ ಒತ್ತಿದರು. ಬೆರಳು ಸರಿಯಾದ ಜಾಗಕ್ಕೇ ಬಿತ್ತು. ಮೆಸೇಜು ಬಂತು. ಅಳಿಸಲು ಹೊರಟರು. ನಾನು ಕೈ ಹಿಡಿದೆ.

ಕುಸುಮಕ್ಕನ ಹೆಸರು, ಸಮಯ, ಕೆಳಗೆ ಒಂದು ಶಬ್ದ: ಕಡಬ.

“ಕೃಷ್ಣಪ್ಪಣ್ಣ, ಇಲ್ಲಿ ಕಡಬ ಅಂತ ಉಂಟಲ್ಲ.”

“ಉಂಟು. ಅದಕ್ಕೆಂತ?”

“ಮೊದಲೂ ಹೀಗೇ ಬರ್ತಿತ್ತಾ?”

“ಮೊದಲು ಪುತ್ತೂರು ಅಂತ ಬರ್ತಿತ್ತು. ಈಗ ಒಮ್ಮೊಮ್ಮೆ ಕಡಬ ಅಂತ ಬರ್ತದೆ. ಸವಣೂರು ಈಗ ಕಡಬ ತಾಲೂಕು ಅಲ್ವಾ ಮಾರಾಯ? ರೇಷನ್ ಕಾರ್ಡಲ್ಲೂ ಹಾಗೇ ಆಯ್ತು, ಪಹಣಿಯಲ್ಲೂ ಹಾಗೇ ಆಯ್ತು. ಆಸ್ಪತ್ರೆಯವರೂ ಸರಿ ಮಾಡಿದ್ರು ಅಂತ ಎಣಿಸಿದೆ.”

ನಮ್ಮ ಕಡೆಯವರಲ್ಲದೆ ಬೇರೆ ಯಾರಿಗೂ ಹೀಗೆ ಅನಿಸಲಿಕ್ಕಿಲ್ಲ. ಪುತ್ತೂರಿನಿಂದಲೂ ಸುಳ್ಯದಿಂದಲೂ ಊರುಗಳನ್ನು ತೆಗೆದು ಕಡಬವನ್ನು ತಾಲೂಕು ಮಾಡಿದ ಮೇಲೆ ಸವಣೂರಿನವರ ಕಾಲು ಪುತ್ತೂರಿಗೆ ಹೋಗುತ್ತದೆ, ಕಾಗದ ಕಡಬಕ್ಕೆ ಹೋಗುತ್ತದೆ. ಯಾವುದರಲ್ಲಿ ಕಡಬ ಎಂದು ಕಂಡರೂ ನಾವು ಯಾಕೆ ಎಂದು ಕೇಳುವುದಿಲ್ಲ. ಸರಿ ಮಾಡಿದ್ದಾರೆ ಎಂದೇ ತಿಳಿದುಕೊಳ್ಳುತ್ತೇವೆ.

ಅಲ್ಲಿಂದಲೇ ಸಂಧ್ಯಕ್ಕನಿಗೆ ಫೋನು ಮಾಡಿ, ಮೊದಲು ಕಡಬ, ಅದರ ಹಿಂದೆಯೇ ಪುತ್ತೂರು ತೆರೆಯಿರಿ ಎಂದೆ. ಅವರು ಎರಡನ್ನೂ ತೆರೆದು ನೋಡಿದರು.

“ಲೋಕೇಶ, ನಾವೆಲ್ಲ ಒಂದೊಂದೇ ಪುಟ ತೆರೆದು ನೋಡಿದ್ದು ಅಲ್ವಾ?”

“ಹೌದು.”

“ಕನೆಕ್ಷನ್ ಒಂದೇ ಆಗಿದೆ. ನಾಳೆ ಬರ್ತೇನೆ, ಹೇಳ್ತೇನೆ.”

ಮರುದಿನ ಅವರು ಹೇಳಿದ್ದನ್ನು ನನಗೆ ತಿಳಿದ ಹಾಗೆ ಬರೆಯುತ್ತೇನೆ. ಕೃಷ್ಣಪ್ಪಣ್ಣನ ಫೋನು ಬಾಬಣ್ಣನಿಗಾಗಿ ಕಡಬ ಎಂದು ಹೆಸರು ಹೇಳಿ ಒಂದು ಕನೆಕ್ಷನ್ ತೆರೆಯಿತು. ನಮ್ಮ ಪ್ರಾಕ್ಸಿ ಅದನ್ನು ಕಡಬದ ಸರ್ವರಿಗೆ ಬಿಟ್ಟಿತು. ಆಮೇಲೆ ಕುಸುಮಕ್ಕನ ಪುತ್ತೂರು. ಫೋನು ನೋಡಿತು: ಮನೆ ಅದೇ, ಯಾಕೆಂದರೆ ಮೂರಕ್ಕೂ ಮುಂದೆ ಇರುವುದು ನಮ್ಮ ಪ್ರಾಕ್ಸಿ ಒಂದೇ. ಗುರುತಿನ ಚೀಟಿಯೂ ಅದೇ, ಅದರಲ್ಲಿ ಪುತ್ತೂರಿಗೂ ನಡೆಯುತ್ತದೆ ಎಂದಿದೆ. ಜೀಪು ಆಗಲೇ ನಿಂತಿದೆ, ಎರಡನೇ ವರ್ಷನ್, ಎಷ್ಟು ಜನ ಬೇಕಾದರೂ ಹತ್ತಬಹುದು. ಮತ್ತೆ ಇನ್ನೊಂದು ಯಾಕೆ ಎಂದು ಕುಸುಮಕ್ಕನ ಮಾತನ್ನು ಅದೇ ಜೀಪಿಗೆ ಹತ್ತಿಸಿತು. ನಮ್ಮ ಪ್ರಾಕ್ಸಿ ಮೊದಲು ಹತ್ತಿದವನ ಊರು ಮಾತ್ರ ಕೇಳುವುದು. ಉಳಿದವರನ್ನು ಕೇಳಬಾರದು ಎಂದೇ ಅದಕ್ಕೆ ಹೇಳಿದ್ದು. ಜೀಪು ಕಡಬಕ್ಕೆ ಹೋಯಿತು. ಅಲ್ಲಿಯ ಸರ್ವರ್ ಕೂಡ ಪುತ್ತೂರಿನ ಹೆಸರು ಹೊತ್ತು ಬಂದದ್ದನ್ನು ಯಾರು ಎಂದು ಕೇಳದೆ ಒಳಗೆ ಕರೆದು, ಕಡಬದ ಪುಟವನ್ನೇ ಕೊಟ್ಟು, ಕಡಬದಲ್ಲೇ ಬರೆದುಕೊಂಡಿತು.

“ಒಂದನೇ ವರ್ಷನ್ ಇದ್ದಾಗ?” ಎಂದು ಕೇಳಿದೆ.

“ಆಗ ಫೋನು ಊರಿಗೊಂದು ಬೇರೆ ಬೇರೆ ಕನೆಕ್ಷನ್ ಮಾಡ್ತಿತ್ತು. ಈ ತೊಂದರೆ ಇರ್ಲಿಲ್ಲ.”

“ಸುಳ್ಯದಲ್ಲಿ ಯಾಕೆ ಆಗ್ಲಿಲ್ಲ?”

“ಸುಳ್ಯದ ಸರ್ವರ್ ಹೆಸರು ನೋಡ್ತದೆ. ತನ್ನದಲ್ಲದ್ದು ಬಂದ್ರೆ ಇದು ನನ್ನದಲ್ಲ ಅಂತ ಹೇಳ್ತದೆ. ಫೋನು ತಾನಾಗಿ ಹೊಸ ಕನೆಕ್ಷನ್ ಮಾಡಿ ಸರಿ ಜಾಗಕ್ಕೆ ಹೋಗ್ತದೆ. ಜನರಿಗೆ ಗೊತ್ತೇ ಆಗುದಿಲ್ಲ. ಆ ಎರಡು ಕಡೆಯೂ ಹಾಗೇ ಉಂಟು ಅಂತ ನಾನು ಎಣಿಸಿದ್ದು.”

ಅವರು ಕೂತು ಕಡಬಕ್ಕೂ ಪುತ್ತೂರಿಗೂ ಅದೇ ಉತ್ತರ ಕಲಿಸಿದರು. ನಾಲ್ಕುನೂರ ಇಪ್ಪತ್ತೊಂದು ಎಂದು ಅದಕ್ಕೊಂದು ನಂಬರಿದೆ, ತಪ್ಪು ಮನೆಗೆ ಬಂದಿದ್ದೀರಿ ಎಂದು ಅರ್ಥ. ಆಮೇಲೆ ಹೇಗೆ ಒತ್ತಿದರೂ ಸರಿಯಾದ ಜಾಗಕ್ಕೇ ಹೋಯಿತು. ಆದರೂ ಇದು ಯಾರ ತಪ್ಪು ಎಂದು ನನಗೆ ಈಗಲೂ ಗೊತ್ತಿಲ್ಲ. ಫೋನು ಮಾಡಿದ್ದು ನಿಯಮದ ಪ್ರಕಾರವೇ. ಪ್ರಾಕ್ಸಿ ಹೇಳಿದ್ದನ್ನೇ ಮಾಡಿತು. ಒಬ್ಬ ರೋಗಿಯ ವಿಷಯ ಯಾರೂ ನೋಡಬಾರದು ಎಂದು ಮಾಡಿದ್ದರಿಂದ ಇನ್ನೊಬ್ಬ ರೋಗಿ ತಪ್ಪು ಊರಿಗೆ ಹೋದರು. ಎಲ್ಲವೂ ಸರಿಯೇ ಇದ್ದು ಹೆಸರು ಮಾತ್ರ ಇರಲಿಲ್ಲ.

ಭಟ್ರು ಪೂರ್ತಿ ಕೇಳಿ, ನನ್ನ ಎದುರಿಗೇ ಟ್ರಸ್ಟಿಗೆ ಫೋನು ಮಾಡಿ ಹೇಳಿದರು: “ಕೃಷ್ಣಪ್ಪ ಒತ್ತಿದ್ದು ಸರಿ ಉಂಟು. ನಮ್ಮ ಮೆಷಿನ್ನು ಕಳಿಸಿದ್ದು ತಪ್ಪು.” ಸವಣೂರಿಗೂ ಫೋನು ಮಾಡಿದರು. ಬೆರಳಿನ ಮಾತು ಎತ್ತಲಿಲ್ಲ. ಎತ್ತಬೇಕಿತ್ತು ಎಂದು ನನಗೆ ಅನಿಸಿತು.

ಆದರೆ ಯಂತ್ರ? ನಾನೂ ಕೃಷ್ಣಪ್ಪಣ್ಣನೂ ಪುತ್ತೂರು ಸೆಂಟರಿಗೆ ಹೋದೆವು. ಫಿಲೋಮಿನಾ ಸಿಸ್ಟರ್ ನಮ್ಮನ್ನು ಗಾಜಿನ ಬಾಗಿಲಿನ ಹತ್ತಿರ ಕರೆದುಕೊಂಡು ಹೋದರು. ಕುಸುಮಕ್ಕನ ಜಾಗದಲ್ಲಿ ಬೆಳ್ಳಾರೆಯ ಒಬ್ಬ ಹುಡುಗ ಮಲಗಿದ್ದ. ನನ್ನ ಪ್ರಾಯ ಇರಬಹುದು. ಕೈಗೆ ಪೈಪು ಹಾಕಿಸಿಕೊಂಡು ಇನ್ನೊಂದು ಕೈಯಲ್ಲಿ ಫೋನಿನಲ್ಲಿ ಕ್ರಿಕೆಟ್ ನೋಡುತ್ತಿದ್ದ.

“ತಪ್ಪು ನಿಮ್ಮದಲ್ಲ ಅಂತ ನನಗೆ ಗೊತ್ತುಂಟು,” ಎಂದರು ಸಿಸ್ಟರ್. “ಆದ್ರೆ ಇವನನ್ನು ಏಳು ಅಂತ ಹೇಳ್ಲಿಕ್ಕೆ ನನ್ನಿಂದ ಆಗುದಿಲ್ಲ. ಇವನೂ ಮಂಗಳೂರಿಗೆ ಹೋಗಿ ಹೋಗಿ ಸಾಕಾದವ. ನೀವು ಹೇಳ್ತೀರಾದ್ರೆ ಒಳಗೆ ಹೋಗಿ.”

ಕೃಷ್ಣಪ್ಪಣ್ಣ ಗಾಜಿನಲ್ಲಿ ನೋಡುತ್ತ ನಿಂತರು. ಆ ಹುಡುಗ ತಲೆ ಎತ್ತಿ ಇವರನ್ನು ನೋಡಿ, ಯಾರೋ ಪರಿಚಯದವರು ಎಂದುಕೊಂಡು ನಕ್ಕ. ಇವರೂ ತಲೆ ಅಲ್ಲಾಡಿಸಿದರು.

“ಬಾ, ಜೀಪು ತೆಗಿ,” ಎಂದರು ನನಗೆ.

ಯಂತ್ರ ಸಿಕ್ಕಿದ್ದು ಕಡಬದಲ್ಲಿ. ಅಲ್ಲಿ ಸಾಲು ಸಣ್ಣದು. ಅಲ್ಲಿಯ ಸಿಸ್ಟರಿಗೆ ಕುಸುಮಕ್ಕನ ಹೆಸರು ಮೊದಲೇ ಗೊತ್ತಿತ್ತು. ಬರುತ್ತೇನೆ ಎಂದು ಹೇಳಿ ಬಾರದ ಹೆಂಗಸು ಯಾರು ಎಂದು ಅವರು ತಲೆ ಕೆಡಿಸಿಕೊಂಡಿದ್ದರಂತೆ. ಮೊದಲ ದಿನ ಕುಸುಮಕ್ಕ ಒಳಗೆ ಕಾಲಿಟ್ಟಾಗ, “ಅಂತೂ ಬಂದ್ರಾ ಮಾರಾಯ್ರೆ,” ಎಂದರು. ಪಕ್ಕದ ಮಂಚದಿಂದ ಕೊಯಿಲದ ಬಾಬಣ್ಣ, “ಯಾರು, ಕುಸುಮನಾ?” ಎಂದು ಕೇಳಿದರು. ದನಿ ಕೇಳಿಯೇ ಗುರುತು ಹಿಡಿಯುವುದು ಅವರಿಗೆ.

ವಾಪಸ್ ಬರುವಾಗ ಕೃಷ್ಣಪ್ಪಣ್ಣ ಕೇಳಿದರು. “ಹಾಗಾದ್ರೆ ಮೆಸೇಜಲ್ಲಿ ಕಡಬ ಅಂತ ಬಂದದ್ದು ಸರಿಯೇ ಆಯ್ತಲ್ಲ?”

“ಅಲ್ಲ, ಆಗ ತಪ್ಪು. ಈಗ ಸರಿ.”

“ಶಬ್ದ ಅದೇ ಅಲ್ವಾ?”

ಹೌದು, ಶಬ್ದ ಅದೇ ಎಂದು ಒಪ್ಪಿಕೊಂಡೆ.

ನಮ್ಮ ಪ್ರಾಕ್ಸಿ ಹೆಚ್ಚು ಕಾಲ ಉಳಿಯಲಿಲ್ಲ. ಟ್ರಸ್ಟಿನವರು ಮೂರೂ ಸೈಟನ್ನು ಒಂದು ದೊಡ್ಡ ಕಂಪನಿಗೆ ಕೊಟ್ಟರು. ಈ ಕೇಸಿನಿಂದಾಗಿ ಅಲ್ಲ, ಮೊದಲೇ ಮಾತಾಗಿತ್ತಂತೆ. ಈಗ ಆ ಕನೆಕ್ಷನ್ನುಗಳು ಎಲ್ಲಿ ಇಳಿದು ಎಲ್ಲಿ ಹತ್ತುತ್ತವೆ ಎಂದು ಸಂಧ್ಯಕ್ಕನಿಗೂ ಕಾಣುವುದಿಲ್ಲ. ನಮ್ಮ ಮೆಷಿನ್ನಿನ ವಯರು ತೆಗೆದವನು ನಾನೇ. ಮತ್ತೆ ಕಂಬ ಹತ್ತುತ್ತೀಯಾ ಎಂದು ಭಟ್ರು ಕೇಳಿದರು. ಬೇಡ ಎಂದೆ.

ಕಡಬಕ್ಕೆ ಹೋದ ಮೇಲೆ ಕೃಷ್ಣಪ್ಪಣ್ಣನಿಗೆ ಬೇರೆ ತೊಂದರೆ ಶುರುವಾಗಿತ್ತು. ಕುಸುಮಕ್ಕ ಯಂತ್ರದಲ್ಲಿ ಇರುವಷ್ಟು ಹೊತ್ತು ಅವರು ಪಕ್ಕದಲ್ಲಿ ಕೂರಬೇಕು. ಜೀಪು ಹೊರಗೆ ಸುಮ್ಮನೆ ನಿಲ್ಲುತ್ತದೆ. ಅದಕ್ಕೆ ಈಗ ನಾನು ಓಡಿಸುತ್ತೇನೆ. ಅವರಿಬ್ಬರನ್ನು ಕಡಬದಲ್ಲಿ ಇಳಿಸಿ, ಅವರು ಮುಗಿಸುವವರೆಗೆ ಸರ್ವಿಸ್ ಮಾಡಿ, ಮತ್ತೆ ಹೋಗಿ ಕರೆತರುತ್ತೇನೆ. ಎಚ್‌ಟಿಟಿಪಿ ಮೂರನೇ ವರ್ಷನ್ನಿನ ಬಗ್ಗೆ ಯಾರಾದರೂ ಕೇಳಿದರೆ ಗೊತ್ತಿಲ್ಲ ಎನ್ನುತ್ತೇನೆ.

ಕೆಲಸಕ್ಕೆ ಸೇರುವ ಹುಡುಗರಿಗೆ ದೊಡ್ಡ ಬುದ್ಧಿಮಾತು ನನ್ನಲ್ಲಿ ಇಲ್ಲ. ಒಂದು ಅಭ್ಯಾಸ ಮಾತ್ರ ಅಲ್ಲಿಂದ ಬಂದು ಉಳಿದಿದೆ. ಮೊದಲು ಸವಣೂರಿನ ಸ್ಟ್ಯಾಂಡಿನಲ್ಲಿ ಗುರುತಿನ ಮುಖ ಕಂಡರೆ ಹತ್ತಿ ಎನ್ನುತ್ತಿದ್ದೆ, ಕೇಳುತ್ತಿರಲಿಲ್ಲ. ಈಗ ಹತ್ತುವ ಒಬ್ಬೊಬ್ಬರನ್ನೂ ಕೇಳುತ್ತೇನೆ. ಕೆಲವರಿಗೆ ಸಿಟ್ಟು ಬರುತ್ತದೆ. ಕುಸುಮಕ್ಕ ಮುಂದಿನ ಸೀಟಿನಲ್ಲಿ ಕೂತು ಸೆರಗು ಸರಿ ಮಾಡಿಕೊಳ್ಳುವಾಗ ಅವರನ್ನೂ ಕೇಳುತ್ತೇನೆ.

“ಕುಸುಮಕ್ಕ, ಎಲ್ಲಿಗೆ?”

“ಹೋದಾಗೆಲ್ಲ ಕೇಳ್ತೀಯಲ್ಲ ಮಾರಾಯ. ನಾನು ಮತ್ತೆಲ್ಲಿಗೆ ಹೋಗುದು, ನಿನಗೆ ಗೊತ್ತಿಲ್ವಾ?”

“ಗೊತ್ತುಂಟು. ಆದ್ರೂ ಹೇಳಿ.”

“ಕಡಬಕ್ಕೆ,” ಎನ್ನುತ್ತಾರೆ.

ಆಮೇಲೆ ಗೇರು ಹಾಕುತ್ತೇನೆ.